ಒಂಬತ್ತನೆಯ ಮಹಡಿಯ ಬಾಡಿಗೆದಾರ

ಲಾಸ್ ವೇಗಾಸಿನ ಸ್ಟ್ರಿಪ್ ಅಂದರೆ ನಮಗೆಲ್ಲ ಸಿನಿಮಾದಲ್ಲಿ ಕಂಡ ದೀಪಗಳ ಸಾಲು. ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಸುಮಾರು ನಾಲ್ಕು ಮೈಲಿ ಉದ್ದದ ರಸ್ತೆ. ಎರಡೂ ಬದಿಗೆ ಕ್ಯಾಸಿನೊ, ಹೋಟೆಲು, ಹಾಡು, ಕುಣಿತ. ಆ ರಾಜ್ಯದಲ್ಲಿ ಜೂಜಿಗೆ 1931ರಲ್ಲಿ ಕಾನೂನಿನ ಒಪ್ಪಿಗೆ ಸಿಕ್ಕಿತು. ಈ ರಸ್ತೆಗೆ ಮೊದಲ ದೊಡ್ಡ ಹೋಟೆಲು ಬಂದದ್ದು 1941ರಲ್ಲಿ. ಇದರ ಕತೆ ಹೇಳುವವರು ಸಾಮಾನ್ಯವಾಗಿ ಬಗ್ಸಿ ಸೀಗಲ್ ಎಂಬ ಗೂಂಡಾನನ್ನು ಹಿಡಿದುಕೊಳ್ಳುತ್ತಾರೆ. ನನ್ನನ್ನು ಕಾಡುವವನು ಅವನಲ್ಲ, ಹೋವರ್ಡ್ ಹ್ಯೂಸ್.

ಹ್ಯೂಸ್ 1905ರಲ್ಲಿ ಟೆಕ್ಸಾಸಿನಲ್ಲಿ ಹುಟ್ಟಿದ. ಎಣ್ಣೆಬಾವಿ ಕೊರೆಯುವ ಉಪಕರಣದಿಂದ ಅಪ್ಪ ಶ್ರೀಮಂತನಾಗಿದ್ದ. ಹತ್ತೊಂಬತ್ತು ತುಂಬುವಷ್ಟರಲ್ಲಿ ತಾಯಿಯೂ ಇಲ್ಲ, ತಂದೆಯೂ ಇಲ್ಲ. ಕೈಯಲ್ಲಿ ಕಂಪನಿ ಮಾತ್ರ. ಸಿನಿಮಾ ತೆಗೆದ, ವಿಮಾನ ಕಟ್ಟಿದ, 1938ರಲ್ಲಿ ನಾಲ್ಕು ದಿನಕ್ಕಿಂತ ಕಡಿಮೆ ಅವಧಿಯಲ್ಲಿ ಭೂಮಿಯನ್ನೇ ಸುತ್ತಿ ಬಂದ. 1946ರಲ್ಲಿ ತಾನೇ ಹಾರಿಸುತ್ತಿದ್ದ ವಿಮಾನ ಬಿದ್ದು ಮೈಯೆಲ್ಲ ಮುರಿಯಿತು. ನೋವಿಗೆಂದು ಕೊಟ್ಟ ಮದ್ದು ಚಟವಾಗಿ ಉಳಿಯಿತು. ರೋಗಾಣುಗಳ ಭಯವಂತೂ ಮೊದಲಿನಿಂದಲೂ ಇತ್ತು. ವಯಸ್ಸಾದ ಹಾಗೆ ಅದೇ ಅವನ ಯಜಮಾನನಾಯಿತು.

1966ರಲ್ಲಿ ಅವನ ಪಾಲಿನ ಟಿ.ಡಬ್ಲ್ಯೂ.ಎ. ವಿಮಾನ ಕಂಪನಿಯ ಷೇರುಗಳು ಮಾರಾಟವಾಗಿ 54 ಕೋಟಿ ಡಾಲರಿಗೂ ಹೆಚ್ಚು ಹಣ ಬಂತು. ಆ ವರ್ಷದ ನವೆಂಬರಿನಲ್ಲಿ, ಯಾರ ಕಣ್ಣಿಗೂ ಬೀಳದ ಹೊತ್ತಿನಲ್ಲಿ, ರೈಲಿನಲ್ಲಿ ಬಂದು ಡೆಸರ್ಟ್ ಇನ್ ಹೋಟೆಲಿನ ಒಂಬತ್ತನೆಯ ಮಹಡಿ ಸೇರಿದ. ಸೇರಿದವನು ಏಳಲೇ ಇಲ್ಲ. ಹೊಸವರ್ಷ ಹತ್ತಿರವಾಯಿತು, ದೊಡ್ಡ ಪಣ ಕಟ್ಟುವ ಗಿರಾಕಿಗಳಿಗೆ ಮೇಲಿನ ಕೋಣೆಗಳು ಬೇಕು, ಇವನೂ ಇವನ ಕಡೆಯವರೂ ಜೂಜಾಡುವವರಲ್ಲ. ಖಾಲಿ ಮಾಡಿ ಅಂದರು. ಹ್ಯೂಸ್ ಹೋಟೆಲನ್ನೇ ಕೊಂಡುಬಿಟ್ಟ, 1 ಕೋಟಿ 32 ಲಕ್ಷ ಡಾಲರಿಗೆ! ಪೇಯಿಂಗ್ ಗೆಸ್ಟ್ ಆಗಿ ಮನೆಯಿಂದ ಮನೆಗೆ ಟ್ರಂಕು ಹೊತ್ತು ಅಲೆದ ನಮ್ಮಂಥವರಿಗೆ ಇಲ್ಲಿ ಸ್ವಲ್ಪ ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಸ್ಯಾಂಡ್ಸ್, ಕ್ಯಾಸ್ಟವೇಸ್, ಫ್ರಾಂಟಿಯರ್, ಸಿಲ್ವರ್ ಸ್ಲಿಪ್ಪರ್, ಬೀದಿಯಿಂದ ತುಸು ಆಚೆಯ ಲ್ಯಾಂಡ್‌ಮಾರ್ಕ್. ಸ್ಟಾರ್‌ಡಸ್ಟನ್ನೂ ಕೊಳ್ಳಲು ಹೋದಾಗ ಕೇಂದ್ರ ಸರಕಾರ ಏಕಸ್ವಾಮ್ಯದ ಮಾತೆತ್ತಿ ತಡೆಯಿತು. ರಾತ್ರಿಯಿಡೀ ಸಿನಿಮಾ ಬರಲಿ ಅಂತ ಊರಿನ ಟೆಲಿವಿಷನ್ ಕೇಂದ್ರವನ್ನೂ ಕೊಂಡ. ಆದರೆ ಇಷ್ಟೆಲ್ಲ ಕೊಂಡವನು ತನ್ನ ಕ್ಯಾಸಿನೊಗಳೊಳಗೆ ಕಾಲಿಡಲಿಲ್ಲ. 1940, 50ರ ದಶಕಗಳಲ್ಲಿ ಇದೇ ಊರಿಗೆ ಬಂದು ಷೋ ನೋಡಿ ಹೋಗುತ್ತಿದ್ದವನು ಈಗ ಕಿಟಕಿಗಳಿಗೆ ಪರದೆ ಎಳೆದು, ಕತ್ತಲಲ್ಲಿ ಕೂತು, ಹಳದಿ ಕಾಗದದ ಮೇಲೆ ಹುಕುಂ ಬರೆದು ಕಳಿಸುತ್ತಿದ್ದ. ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದ ರಾಬರ್ಟ್ ಮೇಹ್ಯೂ ಎಂಬಾತ ಒಡೆಯನ ಮುಖವನ್ನು ಒಮ್ಮೆಯೂ ಎದುರಿಗೆ ಕಂಡವನಲ್ಲ.

ಒಂದು ಭಯ ಮಾತ್ರ ಹುಚ್ಚಿನದಾಗಿರಲಿಲ್ಲ. ನೂರು ಮೈಲಿ ಆಚೆ ಸರಕಾರ ನೆಲದಡಿಯಲ್ಲಿ ಅಣುಬಾಂಬುಗಳನ್ನು ಸಿಡಿಸುತ್ತಿತ್ತು. 1968ರ ಏಪ್ರಿಲಿನ ದೊಡ್ಡ ಸ್ಫೋಟವನ್ನು ಮುಂದೂಡಬೇಕೆಂದು ಹ್ಯೂಸ್ ಅಧ್ಯಕ್ಷ ಜಾನ್ಸನ್‌ಗೇ ಬರೆದ. ಸ್ಫೋಟ ನಡೆದೇ ನಡೆಯಿತು. ಬೀದಿಯನ್ನು ಕೊಳ್ಳುವ ದುಡ್ಡಿಗೆ ಬಾಂಬನ್ನು ನಿಲ್ಲಿಸಲಾಗಲಿಲ್ಲ.

ಹ್ಯೂಸ್ ಬಂದು ಗೂಂಡಾಗಳನ್ನು ಓಡಿಸಿದ ಎಂದು ಹೇಳುವುದುಂಟು. ಅದು ಅರ್ಧ ನಿಜ. ಅವನಿಗೆ ಖುದ್ದು ಹಾಜರಾತಿಯನ್ನೂ ಕೇಳದೆ ರಾಜ್ಯ ಲೈಸೆನ್ಸು ಕೊಟ್ಟಿತು; 1967, 1969ರಲ್ಲಿ ಕಾನೂನು ತಿದ್ದಿ ಷೇರು ಕಂಪನಿಗಳಿಗೂ ಬಾಗಿಲು ತೆರೆಯಿತು. ಆದರೂ 1970ರ ದಶಕದಲ್ಲಿ ಸ್ಟಾರ್‌ಡಸ್ಟಿನಂಥ ಕಡೆ ಮಾಫಿಯಾ ಲೆಕ್ಕಕ್ಕೆ ಸಿಗದ ಹಾಗೆ ಹಣ ಎತ್ತುತ್ತಲೇ ಇತ್ತು. ಬದಲಾದದ್ದು ಮುಖ್ಯವಾಗಿ ಮಾಲೀಕನ ರೂಪ. ಕಾಣದ ಗೂಂಡಾ ಇದ್ದಲ್ಲಿ ಮೊದಲು ಕಾಣದ ಶ್ರೀಮಂತ, ಆಮೇಲೆ ಕಾಣದ ಷೇರುದಾರ.

1970ರ ನವೆಂಬರಿನಲ್ಲಿ, ಬಂದ ಹಾಗೇ, ಸ್ಟ್ರೆಚರಿನ ಮೇಲೆ ಹೊರಟುಹೋದ. ಬಹಾಮಾ, ಲಂಡನ್, ಮೆಕ್ಸಿಕೊ ಅಂತ ಹೋಟೆಲುಗಳು ಬದಲಾದವು, ಪರದೆ ಬದಲಾಗಲಿಲ್ಲ. 1976ರ ಏಪ್ರಿಲ್ 5ರಂದು ಹ್ಯೂಸ್ಟನ್ನಿಗೆ ಒಯ್ಯುತ್ತಿದ್ದ ವಿಮಾನದಲ್ಲಿ ಸತ್ತ. ಆರಡಿ ಮೀರಿದ ಆ ದೇಹ ಎಷ್ಟು ಬಡಕಲಾಗಿತ್ತೆಂದರೆ, ಗುರುತು ಖಾತ್ರಿ ಮಾಡಿಕೊಳ್ಳಲು ಬೆರಳಚ್ಚು ತೆಗೆಯಬೇಕಾಯಿತು.

ಡೆಸರ್ಟ್ ಇನ್ನನ್ನು 2001ರಿಂದ 2004ರೊಳಗೆ ಕೆಡವಿದರು. ಅದೇ ಜಾಗದಲ್ಲಿ 2005ರಲ್ಲಿ ವಿನ್ ಹೋಟೆಲು ತೆರೆಯಿತು.