ಗಂಗಾಮೂಲದ ಪಂಡಿತಾ ರಮಾಬಾಯಿ

ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲವು ನಮ್ಮ ಬಸರೀಕಟ್ಟೆಗೆ ಬಹುದೂರದ ಸ್ಥಳವಲ್ಲ. ತುಂಗೆ ಶೃಂಗೇರಿಯತ್ತಲೂ ಭದ್ರೆ ಕಳಸ, ಬಾಳೆಹೊನ್ನೂರುಗಳತ್ತಲೂ ಹರಿಯುತ್ತವೆ; ಅವೆರಡರ ನಡುವಣ ಸೀಮೆಯವರು ನಾವು. ಆ ಕಾಡಿನಲ್ಲಿಯೇ ಲೋಕವಿಖ್ಯಾತಳಾದ ಮಹಿಳೆಯೊಬ್ಬಳು ಜನ್ಮವೆತ್ತಿದಳೆಂಬ ಸಂಗತಿ ಮಾತ್ರ ನನಗೆ ಕಾಲೇಜಿಗೆ ಬಂದ ಮೇಲೆಯೇ ತಿಳಿಯಿತು. ಆಕೆಯೇ ಪಂಡಿತಾ ರಮಾಬಾಯಿ.

ರಮಾಬಾಯಿಯವರು ಜನಿಸಿದ್ದು 1858ರ ಏಪ್ರಿಲ್ 23ರಂದು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು, ಸಂಸ್ಕೃತ ವಿದ್ವಾಂಸರು. ಹೆಣ್ಣಿಗೆ ಅಕ್ಷರವೇ ನಿಷಿದ್ಧವೆನ್ನುತ್ತಿದ್ದ ಆ ಕಾಲದಲ್ಲಿ ಅವರು ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಅದಕ್ಕಾಗಿ ಉಡುಪಿಯ ಪಂಡಿತರಿಗೆ ಉತ್ತರ ಕೊಡಬೇಕಾಗಿ ಬಂದಾಗ ಶಾಸ್ತ್ರಾಧಾರಗಳಿಂದಲೇ ತಮ್ಮ ನಡೆಯನ್ನು ಸಮರ್ಥಿಸಿಕೊಂಡರು. ಆ ತಾಯಿಯೇ ಮುಂದೆ ಮಗಳಿಗೆ ಗುರುವಾದರು. ಮಗುವಿಗೆ ಆರು ತಿಂಗಳಾದಾಗ ಸಂಸಾರವು ಗಂಗಾಮೂಲವನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯೊಂದರಲ್ಲಿ ಮಲಗಿಸಿ ಆ ಕೂಸನ್ನು ಘಟ್ಟದಿಂದ ಕೆಳಗಿಳಿಸಿದರಂತೆ.

1870ರ ದಶಕದ ಭೀಕರ ಕ್ಷಾಮವು ತಂದೆ, ತಾಯಿ, ಅಕ್ಕ ಮೂವರನ್ನೂ ಬಲಿ ತೆಗೆದುಕೊಂಡಿತು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಅನಾಥರಾದ ಇವರಿಬ್ಬರೂ ಹಸಿವು ಚಳಿಗಳನ್ನು ಸಹಿಸುತ್ತ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲಕತ್ತೆಯನ್ನು ಸೇರಿದರು. ಇಪ್ಪತ್ತರ ಹರೆಯದ ಆ ತರುಣಿಯ ಪಾಂಡಿತ್ಯಕ್ಕೆ ಬೆರಗಾದ ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಜಾತಿಯನ್ನು ಮೀರಿದ ವಿವಾಹ. ಎರಡು ವರ್ಷವೂ ತುಂಬುವ ಮೊದಲೇ ಕಾಲರಾದಿಂದ ಪತಿವಿಯೋಗ. ಮಡಿಲಲ್ಲಿ ಹಸುಗೂಸು ಮನೋರಮಾ.

ಇಂತಹ ದುಃಖವು ಎಂಥವರನ್ನೂ ಮೂಲೆಗೆ ತಳ್ಳಿಬಿಡುತ್ತದೆ. ರಮಾಬಾಯಿಯವರಾದರೋ ಪುಣೆಗೆ ಬಂದು 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಮರುವರ್ಷ ಇಂಗ್ಲೆಂಡಿಗೆ ಹೋದರು. ಅಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. 1886ರಲ್ಲಿ ಅಮೆರಿಕೆಗೆ ತೆರಳಿ ಫ್ರೋಬೆಲ್ಲನ ಶಿಶುವಿಹಾರ ಪದ್ಧತಿಯನ್ನು ಅಭ್ಯಸಿಸಿದರು. ಕಾಗದ ಮಡಿಸುವುದು, ಹೆಣೆಯುವುದು, ದಾರ ಪೋಣಿಸಿ ಹೊಲಿಯುವುದು, ಇವುಗಳಿಂದಲೂ ಮಗುವಿನ ಬುದ್ಧಿ ಅರಳುತ್ತದೆಂಬುದು ಆ ಪದ್ಧತಿಯ ತಿರುಳು. ಅಮೆರಿಕೆಯ ಊರೂರುಗಳಲ್ಲಿ ಅವರು ಭಾರತದ ಬಾಲವಿಧವೆಯರ ಪಾಡನ್ನು ವಿವರಿಸಿದರು. ಅದನ್ನು ಕೇಳಿ ಕರಗಿದವರು 1887ರಲ್ಲಿ ಬಾಸ್ಟನ್ ನಗರದಲ್ಲಿ ಸಂಘವೊಂದನ್ನು ಕಟ್ಟಿ, ಹತ್ತು ವರ್ಷ ನೆರವು ನೀಡುವುದಾಗಿ ಮಾತುಕೊಟ್ಟರು. ತಾವು ಕಂಡರಿಯದ ಕಡಲಾಚೆಯ ಮಕ್ಕಳಿಗಾಗಿ ಅವರು ಕೈ ನೀಡಿದರು.

ಆ ನೆರವಿನಿಂದ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವು ಆರಂಭವಾಗಿ, ಮರುವರ್ಷ ಪುಣೆಗೆ ಬಂದಿತು. ಆದರೆ ವಿದ್ಯಾರ್ಥಿನಿಯರು ಮತಾಂತರದತ್ತ ಸೆಳೆಯಲ್ಪಡುತ್ತಿದ್ದಾರೆಂಬ ಆಕ್ಷೇಪಣೆ ಎದ್ದಿತು. 1893ರಲ್ಲಿ ರಾನಡೆ, ಭಂಡಾರಕರರಂತಹ ಹಿತೈಷಿಗಳೂ ಸಲಹಾ ಮಂಡಳಿಯನ್ನು ತೊರೆದರು. ಅನೇಕರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಈ ವಿಷಯದಲ್ಲಿ ಅಭಿಪ್ರಾಯಭೇದ ಇಂದಿಗೂ ಉಂಟು. ಆದರೆ ಮುಂದೆ ಅವರು ಮಾಡಿದ ಕಾರ್ಯವನ್ನು ಮರೆಯುವುದು ನ್ಯಾಯವಾಗದು.

1896ರಲ್ಲಿ ಮಧ್ಯಪ್ರಾಂತದಲ್ಲಿ ಮತ್ತೆ ಕ್ಷಾಮ ತಲೆದೋರಿತು. ಒಮ್ಮೆ ತಾವೇ ಅನುಭವಿಸಿದ್ದ ಹಸಿವನ್ನು ರಮಾಬಾಯಿಯವರು ಮರೆತಿರಲಿಲ್ಲ. ತಾವೇ ಅಲ್ಲಿಗೆ ಹೋಗಿ, ಚಿಂದಿಯುಟ್ಟು ಎಲುಬಿನ ಗೂಡಾಗಿದ್ದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಅವರಿಗಾಗಿ ಪುಣೆಯ ಸಮೀಪದ ಕೇಡಗಾಂವಿನಲ್ಲಿ ಬೆಳೆದು ನಿಂತ ಸಂಸ್ಥೆಯೇ ಮುಕ್ತಿ ಸದನ. 1900ರ ಹೊತ್ತಿಗೆ ಅಲ್ಲಿ ಸುಮಾರು 1,500 ಮಂದಿ ಇದ್ದರು.

ಇಷ್ಟು ಜನಕ್ಕೆ ಅನ್ನ ಬಟ್ಟೆಗಳನ್ನು ಎಷ್ಟು ದಿನ ದಾನವಾಗಿ ಕೊಡಲಾದೀತು? ಕಡಲಾಚೆಯಿಂದ ಹಣ ಬರುತ್ತಿತ್ತು, ನಿಜ. ಅದಷ್ಟನ್ನೇ ನಂಬಿ ಕೈಕಟ್ಟಿ ಕುಳಿತರೆ ಈ ಮಕ್ಕಳು ಎಂದೆಂದಿಗೂ ಪರಾವಲಂಬಿಗಳೇ ಆಗುತ್ತಿದ್ದರು. ಆದುದರಿಂದ ಬೆಳಗಿನ ಪಾಠದ ಜೊತೆಗೆ ಕೈಕೆಲಸವೂ ನಡೆಯಿತು. ನೇಯ್ಗೆ, ಹೊಲಿಗೆ, ಕಸೂತಿ, ಬೇಸಾಯ, ಎಣ್ಣೆಗಾಣ, ಹೈನು, ಅಚ್ಚುಕೂಟ, ಹೀಗೆ ಅವರವರ ಶಕ್ತಿಗೆ ತಕ್ಕ ಕಸುಬು. ಕುರುಡು ಹುಡುಗಿಯರಿಗೂ ಬ್ರೈಲ್ ಲಿಪಿಯನ್ನೂ ಕೈಕೆಲಸವನ್ನೂ ಕಲಿಸಿದರು. ಹರಿದ ಬಟ್ಟೆಯಲ್ಲಿ ಬಂದ ಹುಡುಗಿ ಬಟ್ಟೆ ಹೊಲಿಯಬಲ್ಲವಳಾದಳು. ಸೂಜಿ ಹಿಡಿದ ಕೈ ಭಿಕ್ಷೆಗಾಗಿ ಚಾಚಬೇಕಾಗಿಲ್ಲ.

ಅವರ ಸೇವೆ ನಮ್ಮ ನಾಡನ್ನೂ ಮುಟ್ಟಿತು: ಗುಲ್ಬರ್ಗದಲ್ಲಿ ಶಾಲೆಯೊಂದನ್ನು ತೆರೆದು, ಅದನ್ನು ಮನೋರಮಾಳಿಗೆ ವಹಿಸಿದರು. 1919ರಲ್ಲಿ ಕೈಸರ್-ಎ-ಹಿಂದ್ ಪದಕ ದೊರೆಯಿತು. 1921ರಲ್ಲಿ ಮಗಳು ಕಣ್ಮುಚ್ಚಿದಳು; 1922ರ ಏಪ್ರಿಲ್ 5ರಂದು ತಾಯಿಯೂ ಇಹಲೋಕವನ್ನು ತ್ಯಜಿಸಿದರು. ಮುಕ್ತಿ ಸದನವು ಇಂದಿಗೂ ನಡೆಯುತ್ತಿದೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಊರವರ ರವಿಕೆ, ಲಂಗಗಳನ್ನು ಹೊಲಿದು ಕೂಡಿಟ್ಟ ಹಣದಿಂದ ನನ್ನ ತಾಯಿ ಫೀಸು ಕಟ್ಟಿದ್ದಾರೆ. ಆ ಹೊಲಿಗೆ ಯಂತ್ರದ ಸದ್ದನ್ನು ಗೆಳೆಯರೆದುರು ಹೇಳಿಕೊಳ್ಳಲು ನಾನು ಒಂದು ಕಾಲದಲ್ಲಿ ನಾಚುತ್ತಿದ್ದುದುಂಟು. ಸಂಸ್ಕೃತದ ಮಹಾಪಂಡಿತೆಯೊಬ್ಬಳು ಪುಸ್ತಕದ ಪಕ್ಕದಲ್ಲಿಯೇ ಸೂಜಿದಾರಕ್ಕೂ ಸ್ಥಾನ ಕೊಟ್ಟಳೆಂದು ಓದಿದ ಮೇಲೆ ಆ ನಾಚಿಕೆ ಹೋಯಿತು. ಇನ್ನು ಕೆಲವೇ ದಿನಗಳಲ್ಲಿ ಪದವೀಧರರಾಗಿ ಹೊರಬೀಳಲಿರುವ ನಾವು, ನಮ್ಮನ್ನು ಇಲ್ಲಿಯವರೆಗೆ ತಂದ ಕೈಗಳನ್ನು ಮರೆಯದಿದ್ದರೆ ಗಂಗಾಮೂಲದ ಆ ಮಗಳಿಗೆ ಅದೇ ನಮ್ಮ ನಮನ.