ಆರ್ಥರ್ ಆಶ್: ಅಂಕಣದ ಗೆರೆಯಾಚೆಗೂ ಬೆಳೆದ ಆಟಗಾರ

ಆರ್ಥರ್ ಆಶ್ ಅವರು 1943ರ ಜುಲೈ 10ರಂದು ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರದಲ್ಲಿ ಜನಿಸಿದರು. ಬಿಳಿಯರಿಗೂ ಕರಿಯರಿಗೂ ಶಾಲೆ, ಉದ್ಯಾನ, ಬಸ್ಸಿನ ಆಸನಗಳೆಲ್ಲ ಬೇರೆಬೇರೆಯಾಗಿದ್ದ ಕಾಲವದು. ಅವರ ತಂದೆ ಕರಿಯರಿಗೆಂದೇ ಮೀಸಲಾಗಿದ್ದ ಬ್ರೂಕ್ ಫೀಲ್ಡ್ ಉದ್ಯಾನದ ಮೇಲ್ವಿಚಾರಕರು. ಅದರೊಳಗೇ ಮನೆ, ಮನೆಯ ಬಳಿಯಲ್ಲೇ ಟೆನಿಸ್ ಅಂಕಣಗಳು. ಆರನೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡ ಬಾಲಕನಿಗೆ ಪುಸ್ತಕವೂ ರ‍್ಯಾಕೆಟ್ಟೂ ಸಂಗಾತಿಗಳಾದವು.

ರಾನ್ ಚಾರಿಟಿ ಎಂಬ ತರುಣ ಆಟಗಾರರು ಅಲ್ಲಿ ಮೊದಲ ಪಾಠ ಹೇಳಿದರು. ಬಳಿಕ ಲಿಂಚ್‌ಬರ್ಗ್‌ನ ವೈದ್ಯ ಡಾ. ರಾಬರ್ಟ್ ವಾಲ್ಟರ್ ಜಾನ್ಸನ್ ಗುರುವಾಗಿ ದೊರೆತರು. ಎದುರಾಳಿಯ ಚೆಂಡು ಗೆರೆಯಿಂದ ತುಸು ಆಚೆ ಬಿದ್ದರೂ ಒಳಗೇ ಬಿದ್ದಿತೆಂದು ಭಾವಿಸಿ ಆಡಬೇಕು, ತೀರ್ಪನ್ನು ಪ್ರಶ್ನಿಸಬಾರದು ಎಂಬುದು ಈ ಗುರುವಿನ ಕಟ್ಟಳೆ. ಬಿಳಿಯರ ಸ್ಪರ್ಧೆಗೆ ಕಾಲಿಡುವ ಕರಿಯ ಬಾಲಕನನ್ನು ಹೊರದೂಡಲು ಯಾರಿಗೂ ನೆಪ ಸಿಗಬಾರದೆಂಬುದೇ ಅದರ ಉದ್ದೇಶ. ಅದು ಸಂಯಮದ ಪಾಠವೂ ಹೌದು, ಅನ್ಯಾಯಕ್ಕೆ ತೆತ್ತ ಕಂದಾಯವೂ ಹೌದು.

ರಿಚ್ಮಂಡ್‌ನ ಒಳಾಂಗಣ ಅಂಕಣಗಳು ಕರಿಯರಿಗೆ ಮುಚ್ಚಿದ್ದುದರಿಂದ, ಪ್ರೌಢಶಾಲೆಯ ಕೊನೆಯ ವರ್ಷವನ್ನು ಅವರು ಸೇಂಟ್ ಲೂಯಿಸ್‌ನಲ್ಲಿ ಕಳೆಯಬೇಕಾಯಿತು. ವಿದ್ಯಾರ್ಥಿವೇತನ ಪಡೆದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿದರು. 1963ರಲ್ಲಿ ಅಮೆರಿಕದ ಡೇವಿಸ್ ಕಪ್ ತಂಡಕ್ಕೆ ಆಯ್ಕೆಯಾದ ಮೊದಲ ಕರಿಯ ಆಟಗಾರರೆನಿಸಿದರು; 1966ರಲ್ಲಿ ಪದವಿಯನ್ನೂ ಪಡೆದರು.

1968ರ ಅಮೆರಿಕನ್ ಓಪನ್ ಅಂತಿಮ ಪಂದ್ಯದಲ್ಲಿ ಹಾಲೆಂಡಿನ ಟಾಮ್ ಓಕರ್ ಅವರನ್ನು ಐದು ಸೆಟ್‌ಗಳಲ್ಲಿ ಮಣಿಸಿದರು. ಟೆನಿಸ್‌ನಲ್ಲಿ ಅಂಕಗಳು 15, 30, 40 ಎಂದು ಏರುತ್ತವೆ. ಆರು ಗೇಮ್ ಗೆದ್ದರೂ ಎರಡು ಗೇಮ್‌ಗಳ ಮುನ್ನಡೆಯಿಲ್ಲದೆ ಸೆಟ್ ದಕ್ಕದು. ಟೈಬ್ರೇಕರ್ ಇನ್ನೂ ಬಂದಿರದಿದ್ದ ಕಾರಣ ಆ ಪಂದ್ಯದ ಮೊದಲ ಸೆಟ್ 14–12ರವರೆಗೆ ಬೆಳೆಯಿತು. ಆಗ ಸೇನೆಯಲ್ಲಿ ಲೆಫ್ಟಿನೆಂಟ್ ಆಗಿದ್ದ ಆಶ್ ಹವ್ಯಾಸಿ ಆಟಗಾರರಾದುದರಿಂದ 14,000 ಡಾಲರ್ ಬಹುಮಾನ ಸೋತ ಓಕರ್ ಪಾಲಾಯಿತು. ಗೆದ್ದವರಿಗೆ ಸಿಕ್ಕಿದ್ದು ದಿನಭತ್ಯೆ ಮಾತ್ರ.

1970ರಲ್ಲಿ ಆಸ್ಟ್ರೇಲಿಯನ್ ಓಪನ್ ಅವರದಾಯಿತು. ವರ್ಣಭೇದದ ದಕ್ಷಿಣ ಆಫ್ರಿಕಾ ಅವರಿಗೆ ಮತ್ತೆಮತ್ತೆ ವೀಸಾ ನಿರಾಕರಿಸಿ, 1973ರಲ್ಲಿ ಕೊನೆಗೂ ಬರಗೊಟ್ಟಿತು. 1975ರ ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಎದುರಾಳಿ ಜಿಮ್ಮಿ ಕಾನರ್ಸ್. ಬಿರುಸಿನ ಚೆಂಡಿನ ಬಲವನ್ನೇ ತಿರುಗಿಸಿ ಹೊಡೆಯುವ ಕಾನರ್ಸ್‌ಗೆ ಆಶ್ ಮೆದುವಾದ, ತಗ್ಗಿನ ಚೆಂಡುಗಳನ್ನೇ ಕಳುಹಿಸಿ 6–1, 6–1, 5–7, 6–4ರಿಂದ ಗೆದ್ದರು. ತೋಳ್ಬಲಕ್ಕಿಂತ ವಿವೇಚನೆ ಮೇಲಾದ ದಿನವದು.

1979ರಲ್ಲಿ ಹೃದಯಾಘಾತ ಅವರ ಆಟವನ್ನು ನಿಲ್ಲಿಸಿತು, ದುಡಿಮೆಯನ್ನಲ್ಲ. ಕರಿಯ ಕ್ರೀಡಾಪಟುಗಳ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದು 1988ರಲ್ಲಿ ಪ್ರಕಟಿಸಿದರು. ಅದೇ ವರ್ಷ ಅವರಿಗೆ ಏಡ್ಸ್ ಇರುವುದು ತಿಳಿಯಿತು. 1983ರ ಶಸ್ತ್ರಚಿಕಿತ್ಸೆಯ ವೇಳೆ ಕೊಟ್ಟ ರಕ್ತವೇ ಅದಕ್ಕೆ ಕಾರಣವೆಂದು ನಂಬಲಾಗಿದೆ. ಪತ್ರಿಕೆಯೊಂದು ಸುದ್ದಿಯ ಜಾಡು ಹಿಡಿದಾಗ, 1992ರಲ್ಲಿ ತಾವೇ ಜಗತ್ತಿಗೆ ತಿಳಿಸಿದರು. ಉಳಿದ ಹತ್ತು ತಿಂಗಳನ್ನು ಆ ರೋಗದ ಬಗೆಗಿನ ಅಜ್ಞಾನ, ಭೀತಿಗಳನ್ನು ಕಳೆಯಲು ವ್ಯಯಿಸಿ, 1993ರ ಫೆಬ್ರವರಿ 6ರಂದು, 49ನೆಯ ವಯಸ್ಸಿನಲ್ಲಿ ನಿಧನರಾದರು.

ಅಂಕಣಗಳ ಬಾಗಿಲು ತೆರೆಯದ ರಿಚ್ಮಂಡ್ 1996ರಲ್ಲಿ ತನ್ನ ಪ್ರಧಾನ ಬೀದಿಯಲ್ಲಿ ಅವರ ಪ್ರತಿಮೆ ನಿಲ್ಲಿಸಿತು. ಸುತ್ತ ಮಕ್ಕಳಿದ್ದಾರೆ, ಆಶ್ ಅವರ ಒಂದು ಕೈಯಲ್ಲಿ ರ‍್ಯಾಕೆಟ್, ಮತ್ತೊಂದರಲ್ಲಿ ಪುಸ್ತಕಗಳು.