ಕೋಳಿಗೂಡಿನಲ್ಲಿ ಶುರುವಾದ ಸ್ಟುಡಿಯೋ

2024ರ ಜುಲೈವರೆಗೂ ನಮ್ಮನ್ನು ಆಳಿದ ಭಾರತೀಯ ದಂಡ ಸಂಹಿತೆ ಎಂದರೆ ಮೆಕಾಲೆ ಹೆಸರು ನೆನಪಾಗುತ್ತೆ. ಆ ಕಾನೂನು ಆಯೋಗದಲ್ಲಿ ಅವರ ಜೊತೆಗಿದ್ದ ಚಾರ್ಲ್ಸ್ ಹೇ ಕ್ಯಾಮೆರಾನ್ ಯಾರಿಗೂ ಗೊತ್ತಿಲ್ಲ. ಇವತ್ತು ಜಗತ್ತಿಗೆ ಗೊತ್ತಿರುವುದು ಅವರ ಹೆಂಡತಿ, ಫೋಟೋಗ್ರಾಫರ್ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. (ಹೆಸರಲ್ಲೇ ಕ್ಯಾಮೆರಾ ಇರುವುದು ಬರೀ ಕಾಕತಾಳೀಯ.)

ಹುಟ್ಟಿದ್ದು 1815ರಲ್ಲಿ, ಕಲ್ಕತ್ತಾದಲ್ಲಿ. ಅಪ್ಪ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ಗಂಡ ಸಿಲೋನಿನಲ್ಲಿ ಕಾಫಿ ತೋಟ ಮಾಡಿದ್ದರು. 1848ರಲ್ಲಿ ಕುಟುಂಬ ಇಂಗ್ಲೆಂಡಿಗೆ ಹೋಯಿತು. 1863ರ ಡಿಸೆಂಬರ್‌ನಲ್ಲಿ ಮಗಳು, ಅಳಿಯ ಸೇರಿ ಒಂದು ಕ್ಯಾಮೆರಾ ಉಡುಗೊರೆ ಕೊಟ್ಟರು, ಹೊತ್ತು ಕಳೆಯಲಿ ಅಂತ. ಆಗ ಜೂಲಿಯಾಗೆ 48.

ವೈಟ್ ದ್ವೀಪದ ಮನೆಯಲ್ಲಿ ಕೋಳಿಗೂಡು ಸ್ಟುಡಿಯೋ ಆಯಿತು, ಕಲ್ಲಿದ್ದಲ ಕೋಣೆ ಡಾರ್ಕ್‌ರೂಂ ಆಯಿತು. ಆಗಿನ ಫೋಟೋ ಅಂದರೆ ಮೈಮುರಿಯುವ ಕೆಲಸ. ಗಾಜಿನ ಹಲಗೆಗೆ ರಾಸಾಯನಿಕ ಬಳಿದು, ಅದು ಒಣಗುವುದರೊಳಗೆ ಚಿತ್ರ ತೆಗೆದು ತೊಳೆಯಬೇಕು. ಎದುರು ಕೂತವರು ನಿಮಿಷಗಟ್ಟಲೆ ಅಲುಗಾಡುವಂತಿಲ್ಲ. ಜೂಲಿಯಾ ಚಿತ್ರಗಳಲ್ಲಿ ಮುಖ ಮಸುಕು, ಅಂಚಿನಲ್ಲಿ ಗೀರು, ಕೆಲವೊಮ್ಮೆ ಬೆರಳಚ್ಚು. ಫೋಟೋಗ್ರಫಿ ಪಂಡಿತರು ಗೇಲಿ ಮಾಡಿದರು. ಅವರೇನೂ ಬದಲಾಗಲಿಲ್ಲ, ಆ ಮಸುಕೇ ಅವರ ಸಹಿ ಆಯಿತು.

ಹವ್ಯಾಸ ವ್ಯಾಪಾರವಾಗಲು ಕಾರಣ ಕಲಾಪ್ರೇಮ ಒಂದೇ ಅಲ್ಲ. ಸಿಲೋನಿನ ಫಸಲು ಕೈಕೊಡುತ್ತಿತ್ತು, ಮನೆಗೆ ದುಡ್ಡು ಬೇಕಿತ್ತು. ಚಿತ್ರಗಳಿಗೆ ಕಾಪಿರೈಟ್ ಮಾಡಿಸಿದರು, ಲಂಡನ್ನಿನ ಕೊಲ್ನಾಗಿ ಅಂಗಡಿಯ ಮೂಲಕ ಮಾರಿದರು. ಕವಿ ಟೆನಿಸನ್, ಡಾರ್ವಿನ್, ಹರ್ಷೆಲ್ ಅವರಂಥವರ ಚಿತ್ರಗಳಿದ್ದವು. ಗಣ್ಯರ ಸಹಿ ಹಾಕಿಸಿದ ಪ್ರತಿಗೆ ಬೆಲೆ ಜಾಸ್ತಿ. 1865ರಲ್ಲಿ ಸೌತ್ ಕೆನ್ಸಿಂಗ್‌ಟನ್ ಮ್ಯೂಸಿಯಂ ಅವರ ಚಿತ್ರಗಳನ್ನು ಕೊಂಡಿತು. ಮೂರು ವರ್ಷದ ನಂತರ ಸ್ಟುಡಿಯೋಗೆ ಎರಡು ಕೋಣೆ ಕೊಟ್ಟಿತು. ಹೆಸರು ಬಂತು. ಮನೆಯ ಸಾಲ ತೀರುವಷ್ಟು ದುಡ್ಡು ಬರಲಿಲ್ಲ.

ಇಲ್ಲೊಂದು ವಿಷಯ ಚುಚ್ಚುತ್ತೆ. ಗಣ್ಯ ಗಂಡಸರು ತಮ್ಮ ಹೆಸರಿನಲ್ಲೇ ಚಿತ್ರದಲ್ಲಿದ್ದಾರೆ. ಮನೆಗೆಲಸದ ಮೇರಿ ಹಿಲ್ಲಿಯರ್ ಮಾತ್ರ ಮತ್ತೆ ಮತ್ತೆ ಯೇಸುವಿನ ತಾಯಿ ಮೇರಿಯಾಗಿ ಕೂರಬೇಕಾಯಿತು. ಆಕೆಯ ಮುಖವಿಲ್ಲದೆ ಈ ವ್ಯಾಪಾರದ ಅರ್ಧ ಸರಕೇ ಇರುತ್ತಿರಲಿಲ್ಲವೇನೋ.

1875ರಲ್ಲಿ ದಂಪತಿ ಸಿಲೋನಿಗೆ ಮರಳಿದರು. ಅಲ್ಲಿ ಜೂಲಿಯಾ ತೆಗೆದದ್ದು ಕೆಲವೇ ಚಿತ್ರ. 1879ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಬೋಗವಂತಲಾವದ ಚರ್ಚಿನ ಅಂಗಳದಲ್ಲಿ ಅವರ ಸಮಾಧಿ ಇದೆ, ಹೆಸರಿನ ಸಮೇತ. ಕೊನೆಯ ವರ್ಷಗಳಲ್ಲಿ ಅವರ ಕ್ಯಾಮೆರಾ ಮುಂದೆ ನಿಂತ ಸ್ಥಳೀಯರ ಒಂದು ಚಿತ್ರದ ಕೆಳಗೆ ಇರುವುದು ಇಷ್ಟೇ: ಕಲುತರದ ರೈತರ ಗುಂಪು.